ಮಲೆನಾಡಿನ ಮಳೆಯಲ್ಲಿ ಹಳೇ ಪದ್ಮಿನಿ ಕಾಪಾಡುವ ಬಗೆ

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ತಂದದ್ದು. ತೀರ್ಥಹಳ್ಳಿ ಕಡೆ ಎಲ್ಲರೂ ಅದನ್ನು ಫಿಯೆಟ್ ಅಂತಲೇ ಕರೆಯುತ್ತಿದ್ದರು, ನಾನು ಈಗಲೂ ಹಾಗೇ ಕರೆಯುತ್ತೇನೆ. ಗೇರ್ ಸ್ಟಿಯರಿಂಗ್ ಪಕ್ಕದಲ್ಲೇ ಇದೆ, ಹಾಗಾಗಿ ಮುಂದಿನ ಸೀಟು ಬೆಂಚಿನ ಥರ ಉದ್ದಕ್ಕೆ. ಅಪ್ಪಯ್ಯ, ಅಮ್ಮ, ನಡುವೆ ನಾನು. ಗೇರ್ ಬದಲಿಸುವಾಗ ಅಪ್ಪಯ್ಯನ ಮೊಣಕೈ ನನ್ನ ಭುಜಕ್ಕೆ ತಾಗುತ್ತಿತ್ತು.

ಇಂಥ ಕಾರು ಇಟ್ಟುಕೊಂಡವರು ನಮ್ಮ ಕಡೆ ಮಳೆಗೆ ಹೆದರಿಯೇ ಮಾರಿಬಿಡುತ್ತಾರೆ. ದಯವಿಟ್ಟು ಮಾರಬೇಡಿ. ನಾನು ಮಾಡುವುದನ್ನು ಹೇಳುತ್ತೇನೆ, ನೀವೂ ಮಾಡಿ ನೋಡಿ.

ರೋಹಿಣಿ ಮಳೆ ಬರುವ ಮೊದಲೇ ಕಾಲ ಕೆಳಗಿನ ಮ್ಯಾಟ್ ಎತ್ತಿ ಬಿಸಿಲಿಗೆ ಹಾಕಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಗಡನ್ನು ಅಲ್ಲಲ್ಲಿ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ಪೊಟ್ ಅನ್ನುತ್ತದೆ. ಅಂಥ ಜಾಗ ಸಿಕ್ಕರೆ ಕೂಡಲೇ ಕೆರೆದು ವೆಲ್ಡಿಂಗ್ ಮಾಡಿಸಿ. ಬಾಗಿಲ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಮಣ್ಣು ಕಟ್ಟಿಕೊಂಡರೆ ಬಾಗಿಲು ಒಳಗಿಂದಲೇ ಕೊಳೆಯುತ್ತದೆ. ಹಿಡಿಕಡ್ಡಿಯಿಂದ ತೂತು ಬಿಡಿಸಿ, ಗಾಜಿನ ಸಂದಿಯಲ್ಲಿ ಒಂದು ಚೊಂಬು ನೀರು ಹೊಯ್ಯಿರಿ. ಕೆಳಗೆ ಸಲೀಸಾಗಿ ಬಂತೋ, ಸರಿ ಇದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಕಡೆಯೂ ಒಮ್ಮೆ ಕೈ ಆಡಿಸಿ.

ಶೆಡ್ಡಿನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಇದು ಬಹಳ ಮುಖ್ಯ. ಒಂದು ಆಷಾಢದಲ್ಲಿ ತಿಂಗಳಿಡೀ ಊರಲ್ಲಿರಲಿಲ್ಲ. ವಾಪಸ್ ಬಂದು ನೋಡಿದರೆ ಹಿಂದಿನ ಚಕ್ರ ಕದಲುವುದಿಲ್ಲ. ಚಕ್ರದೊಳಗಿನ ಬ್ರೇಕ್ ಶೂ ಅದರ ಸುತ್ತಲಿನ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಮೇಸ್ತ್ರಿ ಬಂದು ಮರದ ಸುತ್ತಿಗೆಯಿಂದ ಡ್ರಮ್ ಬಡಿದು ಬಿಡಿಸಿದರು. "ಅಕ್ಕಾ, ಗೇರಲ್ಲಿ ನಿಲ್ಸಿ, ಚಕ್ರಕ್ಕೊಂದು ಕಲ್ಲು ಕೊಡಿ, ಸಾಕು" ಅಂದರು. ಅಂದಿನಿಂದ ಹಾಗೇ ಮಾಡುತ್ತಿದ್ದೇನೆ. ಪ್ಲಾಸ್ಟಿಕ್ ಹೊದಿಕೆಯೂ ಬೇಡ, ಒಳಗೆ ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಒಳ್ಳೆಯದು.

ಇನ್ನು ಆರಿದ್ರಾ ಮಳೆಯ ಬೆಳಗ್ಗೆ. ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಎಲ್ಲರೂ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಎಳೆದು ಮತ್ತೆ ಮತ್ತೆ ತಿರುಗಿಸುತ್ತಾರೆ. ಕಿಡಿ ಹಾರಿಸುವ ಪ್ಲಗ್ ಪೆಟ್ರೋಲಲ್ಲಿ ನೆನೆಯುತ್ತದೆ, ಬ್ಯಾಟರಿ ಇಳಿಯುತ್ತದೆ. ಮೂರು ಸಲಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನ, ಎರಡು ಕ್ಲಿಪ್ ಬಿಡಿಸಿ ಒಳಗೆ ನೋಡಿ. ಇಬ್ಬನಿ ಹಾಗೆ ತೇವ ಕೂತಿರುತ್ತದೆ. ಕರೆಂಟ್ ಪ್ಲಗ್ಗಿಗೆ ಹೋಗದೆ ಆ ತೇವದ ಮೇಲೆ ಹರಿದು ಹೋಗುತ್ತದೆ, ಅದಕ್ಕೇ ಕಿಡಿ ಇಲ್ಲ. ಒಣಗಿದ ಹಳೇ ಪಂಚೆ ತುಂಡಿನಿಂದ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಎರಡನ್ನೂ ಒರೆಸಿ. ಅಪ್ಪಯ್ಯ ಕ್ಯಾಪನ್ನು ಬಚ್ಚಲೊಲೆಯ ಪಕ್ಕ ಎರಡು ನಿಮಿಷ ಇಡುತ್ತಿದ್ದರು. ಒಲೆಯ ಮೇಲಲ್ಲ, ಪಕ್ಕದಲ್ಲಿ. ಹಂಡೆಯ ಹೊಗೆ ವಾಸನೆ ಹೊತ್ತ ಆ ಬೆಚ್ಚನೆಯ ಕ್ಯಾಪನ್ನು ಅಂಗಳದವರೆಗೆ ಒಯ್ಯುವುದು ನನ್ನ ಕೆಲಸ. ಅಷ್ಟು ಮಾಡಿದರೆ ಇಂಜಿನ್ ಸಾಮಾನ್ಯವಾಗಿ ಹಿಡಿಯುತ್ತದೆ. ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಮಾತ್ರ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಕೆಟ್ಟಿದೆ, ಹೊಸದು ಹಾಕಿ. ಆಗ ಪ್ಲಗ್ ವೈರ್‌ಗಳನ್ನು ಒಂದೊಂದಾಗಿಯೇ ತೆಗೆದು ಹಾಕಿ. ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ 1-3-4-2, ಅದಲುಬದಲಾಗಬಾರದು.

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ರಸ್ತೆ ಮೇಲಿನ ನೀರು ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ನಿಧಾನಕ್ಕೆ ಹೋಗುತ್ತಾ ಪೆಡಲ್ ಹಗುರಕ್ಕೆ ಒತ್ತಿ ಒಣಗಿಸಿಕೊಳ್ಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಆಗುಂಬೆಯ 14 ತಿರುವು ಇಳಿಯುವಾಗ ಎರಡನೇ ಗೇರಲ್ಲೇ ಇಳಿಯಿರಿ.

ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸಿ. ಶೆಡ್ಡಲ್ಲಿ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಇನ್ನೂ ಕೆಟ್ಟದ್ದು. ಸೈಲೆನ್ಸರಲ್ಲಿ ನೀರು ಉಳಿದು ಅದು ತುಕ್ಕಾಗುತ್ತದೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಜಾಸ್ತಿ, ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಬಿರಿಯುತ್ತದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಬಿಡಿಭಾಗಕ್ಕೆ ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತೇನೆ, ಹಳೇ ತುಂಡನ್ನು ಕೈಯಲ್ಲೇ ಹಿಡಿದುಕೊಂಡು. ಆರ್.ಸಿ. 15 ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ದಿನಾಂಕ ಕ್ಯಾಲೆಂಡರಲ್ಲಿ ಬರೆದಿಡಿ.

ಬೇಸಿಗೆಗೂ ಒಂದು ಮಾತು. ಉಡುಪಿಯಿಂದ ವಾಪಸ್ ಘಾಟಿ ಹತ್ತುವಾಗ ಫಿಯೆಟ್ ಒಮ್ಮೊಮ್ಮೆ ಕೆಮ್ಮಿ ನಿಂತುಬಿಡುತ್ತದೆ. ಶಾಖಕ್ಕೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿರುತ್ತದೆ, ಪಂಪ್ ಎಳೆಯಲಾರದು. ಗಾಬರಿ ಬೇಡ. ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬಾನೆಟ್ ತೆರೆದಿಡಿ. ಟವೆಲ್ ನೆನೆಸಿ, ಹಿಂಡಿ, ಪೆಟ್ರೋಲ್ ಪಂಪಿನ ಮೇಲೆ ಹೊದಿಸಿ. ನೀರು ಸುರಿಯಬೇಡಿ. ಅಮ್ಮ ಅಷ್ಟರಲ್ಲಿ ಮೋಟುಗೋಡೆ ಮೇಲೆ ಕೂತು ಚಕ್ಕುಲಿ ಡಬ್ಬಿ ಬಿಚ್ಚುತ್ತಿದ್ದಳು. ಹದಿನೈದು ನಿಮಿಷ ಬಿಟ್ಟು ಪಂಪ್ ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳುವಷ್ಟು ತಣ್ಣಗಾಗಿದ್ದರೆ, ಚೋಕ್ ಎಳೆಯದೆ ಸ್ಟಾರ್ಟ್ ಮಾಡಿ.