ದೇಣಿಗೆ ಹೊರದೇಶದ್ದು, ದುಡಿಮೆ ಮೈಸೂರಿನದು

‘ನಿಮ್ಮ ವಿಭಾಗಕ್ಕೆ ಯಾರಾದರೂ ಐವತ್ತು ಲಕ್ಷ ರೂಪಾಯಿ ಕೊಟ್ಟರೆ ಏನು ಮಾಡುತ್ತೀರಿ?’ ನಮ್ಮ ವಿಶ್ವವಿದ್ಯಾಲಯಕ್ಕೆ ವಿದೇಶದ ಹಳೆಯ ವಿದ್ಯಾರ್ಥಿಗಳಿಂದ ದೇಣಿಗೆ ತರುವ ಜವಾಬ್ದಾರಿ ನನಗೆ ಬಂದಾಗ ಮೊದಲು ಮಾಡಿದ್ದು ಈ ಪ್ರಶ್ನೆ ಹಿಡಿದುಕೊಂಡು ವಿಭಾಗದಿಂದ ವಿಭಾಗಕ್ಕೆ ಅಲೆದದ್ದು. ಬಹಳ ಕಡೆ ಬಂದ ಉತ್ತರ ಒಂದೇ: ಹೊಸ ಕಟ್ಟಡ. ಯಾಕೆ, ಎಷ್ಟು ಮಕ್ಕಳಿಗೆ, ಮುಂದಿನ ವರ್ಷ ಅದರ ಕರೆಂಟು ಬಿಲ್ಲು ಕಟ್ಟುವವರು ಯಾರು ಎಂದು ಕೇಳಿದರೆ ಮಾತು ನಿಲ್ಲುತ್ತಿತ್ತು. ಕೊಡುವವರು ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರಬಹುದು, ಈ ಕೆಲಸದ ಮುಕ್ಕಾಲು ಪಾಲು ನಡೆಯುವುದು ಮೈಸೂರಿನಲ್ಲಿ, ನಮ್ಮದೇ ಕ್ಯಾಂಪಸ್ಸಿನೊಳಗೆ.

ಕುಲಪತಿಗಳು, ಕುಲಸಚಿವರು, ಹಣಕಾಸು ಅಧಿಕಾರಿ ಒಟ್ಟಿಗೆ ಕೂತು ಒಂದು ಪಟ್ಟಿಗೆ ಸಹಿ ಹಾಕುವವರೆಗೆ ನಾನು ಯಾರ ಹತ್ತಿರವೂ ಹಣ ಕೇಳಲಿಲ್ಲ. ಪ್ರತಿ ಅಗತ್ಯದ ಎದುರು ಮೊತ್ತ, ಅದನ್ನು ಖರ್ಚು ಮಾಡುವವರು, ಲೆಕ್ಕ ಕೊಡುವವರು ಯಾರೆಂದು ಬರೆದಿರಬೇಕು. ಇದಕ್ಕೆ ಹಿಡಿದ ಸಮಯ ನೋಡಿ ಕೆಲವರಿಗೆ ಬೇಸರವಾಯಿತು. ಆದರೆ ಆ ಪಟ್ಟಿ ಇಲ್ಲದೆ ಹೊರಟಿದ್ದರೆ ದಾನಿಗಳ ಇಷ್ಟವೇ ವಿಶ್ವವಿದ್ಯಾಲಯದ ಯೋಜನೆಯಾಗಿಬಿಡುತ್ತಿತ್ತು.

ಕಾನೂನಿನ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಕಾಯ್ದೆಯ ಮೂಲಕ ಸ್ಥಾಪನೆಯಾಗಿ, ಸಿಎಜಿ (ಮಹಾಲೇಖಪಾಲರು) ಲೆಕ್ಕ ತಪಾಸಣೆಗೆ ಕಡ್ಡಾಯವಾಗಿ ಒಳಪಡುವ ಸಂಸ್ಥೆಗಳಿಗೆ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಿಂದ ವಿನಾಯಿತಿ ಇದೆ. ನಮ್ಮದು ಟ್ರಸ್ಟ್ ನಡೆಸುವ ಸಂಸ್ಥೆ, ನಮಗೆ ನೋಂದಣಿ ಬೇಕೇಬೇಕು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ದಾಟಬಾರದು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಇಲ್ಲಿ ಎಡವಟ್ಟಾಗುವ ಜಾಗ ಪಾಸ್‌ಪೋರ್ಟು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈನಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಚಾಮರಾಜಪುರಂನಲ್ಲೇ ಹುಟ್ಟಿ ಬೆಳೆದು ಅಮೆರಿಕದ ಪೌರತ್ವ ಪಡೆದವರು ಕಳಿಸಿದ್ದು, ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಒಂದೇ ಬ್ಯಾಚಿನ ಗೆಳೆಯರ ಗುಂಪಿನಲ್ಲಿ ಎರಡೂ ಬಗೆಯವರು ಇರುತ್ತಾರೆ. ಆದ್ದರಿಂದ ದಾನಿಗಳು ತುಂಬುವ ನಮ್ಮ ಅರ್ಜಿಯಲ್ಲಿ ಹೆಸರು ಆದ ಕೂಡಲೇ ಬರುವ ಪ್ರಶ್ನೆ ಪೌರತ್ವದ್ದು.

ಅಮೆರಿಕದಲ್ಲಿರುವವರು ನೇರವಾಗಿ ಮೈಸೂರಿಗೆ ಕಳಿಸಿದರೆ ಅವರಿಗೆ ಅಲ್ಲಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅಲ್ಲಿಯೇ 501(ಸಿ)(3), ಅಂದರೆ ಅಲ್ಲಿನ ತೆರಿಗೆ ಕಾನೂನಿನಡಿ ದತ್ತಿ ಸಂಸ್ಥೆಯೆಂಬ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಕೊಡಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳು ಅಂಥದೊಂದನ್ನು ಕಟ್ಟಿಕೊಂಡರು. ಅದರ ಮಂಡಳಿ ನಾವು ಹೇಳಿದ ಕಡೆ ಹಣ ಸಾಗಿಸುವ ಕೊಳವೆಯಾಗಕೂಡದು. ಪ್ರತಿ ಪ್ರಸ್ತಾವವನ್ನು ಅವರು ಸ್ವತಂತ್ರವಾಗಿ ಪರಿಶೀಲಿಸಿ ಒಪ್ಪಬೇಕು, ಬೇಡವೆನಿಸಿದರೆ ತಿರಸ್ಕರಿಸಬೇಕು. ನಮ್ಮ ಕೆಲವು ಹಿರಿಯ ಪ್ರಾಧ್ಯಾಪಕರಿಗೆ ತಮ್ಮ ಶಿಷ್ಯರೇ ಪ್ರಶ್ನೆ ಕೇಳುವುದು ಇರುಸುಮುರುಸಾಯಿತು. ನನಗೆ ಮಾತ್ರ ಆ ಪ್ರಶ್ನೆಗಳಿಂದ ತುಂಬ ಉಪಕಾರವಾಯಿತು. ಒಳಗಿನವರು ಯಾರೂ ಕೇಳದ ವಿಷಯಗಳನ್ನು ಅವರು ಕೇಳುತ್ತಿದ್ದರು. ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿನ ನೋಂದಾಯಿತ ದತ್ತಿ ಸಂಸ್ಥೆಗೆ ತೆರಿಗೆದಾರರು ಒಂದು ಪೌಂಡ್ ಕೊಟ್ಟರೆ ಗಿಫ್ಟ್ ಏಡ್ ಲೆಕ್ಕದಲ್ಲಿ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ಒಂದು ಪ್ರಸಂಗ. ಹ್ಯೂಸ್ಟನ್‌ನಲ್ಲಿ ನಿವೃತ್ತರಾಗಿದ್ದ ಹಿರಿಯರೊಬ್ಬರು ತಾಯಿಯ ಹೆಸರಿನಲ್ಲಿ ರಸಾಯನಶಾಸ್ತ್ರಕ್ಕೆ ಸಭಾಂಗಣ ಕಟ್ಟಿಸುತ್ತೇನೆಂದರು. ಮೊತ್ತ ದೊಡ್ಡದು, ಹೂಂ ಅನ್ನುವುದು ಸುಲಭವಿತ್ತು. ನಮ್ಮ ಪಟ್ಟಿಯಲ್ಲಿ ಸಭಾಂಗಣ ಇರಲಿಲ್ಲ. ಇದ್ದದ್ದು ಉಪಕರಣಗಳ ನಿರ್ವಹಣೆ. ಅಣುಗಳ ರಚನೆ ತಿಳಿಯಲು ಬಳಸುವ ಎನ್‌ಎಂಆರ್ ಯಂತ್ರದ ಅತಿವಾಹಕ ಆಯಸ್ಕಾಂತವನ್ನು ದ್ರವ ಹೀಲಿಯಂನಲ್ಲಿ ತಣ್ಣಗಿಡಬೇಕು, ಆವಿಯಾದಷ್ಟನ್ನೂ ಮತ್ತೆ ತುಂಬಿಸಬೇಕು, ಅದರ ಹೊರಗಿನ ಸುತ್ತಿಗೆ ದ್ರವ ಸಾರಜನಕ ಇನ್ನೂ ಬೇಗಬೇಗ ಬೇಕು. ಯಂತ್ರ ಕೊಳ್ಳಲು ಅನುದಾನ ಬರುತ್ತದೆ, ಅದನ್ನು ಬದುಕಿಸಿಡಲು ಬರುವುದು ಕಷ್ಟ. ನಾನು ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ.

‘ಅಲ್ಲಮ್ಮ, ಗಾಳಿಗೆ ನಮ್ಮಮ್ಮನ ಹೆಸರಿಡು ಅಂತೀಯಾ?’ ಎಂದರು.

‘ಇಲ್ಲ ಸರ್. ಆ ಯಂತ್ರದಲ್ಲಿ ಕೆಲಸ ಮಾಡೋ ಮಂಡ್ಯ, ಮದ್ದೂರು, ಪಾಂಡವಪುರದ ಹುಡುಗೀರ ಸಂಶೋಧನೆ ನಿಲ್ಲದ ಹಾಗೆ ಅಮ್ಮನ ಹೆಸರಲ್ಲಿ ಒಂದು ನಿಧಿ ಇಡಿ ಅಂತಿದೀನಿ,’ ಎಂದೆ.

ಅವರು ಒಪ್ಪಲಿಲ್ಲ, ಯೋಚಿಸುತ್ತೇನೆ ಎಂದರು. ಆಮೇಲೆ ವಿಭಾಗದ ಮುಖ್ಯಸ್ಥರ ಜೊತೆಗೇ ಮಾತಾಡಿಸಿದೆ, ಅವರಿಬ್ಬರೂ ನನ್ನನ್ನು ಮರೆತು ರಸಾಯನಶಾಸ್ತ್ರ ಮಾತಾಡಿದರು. ನಿರ್ವಹಣಾ ನಿಧಿ ಆದದ್ದು ಆ ಮಾತುಕತೆಯಿಂದ. ಪ್ರಯೋಗಾಲಯದ ಬಾಗಿಲಿಗೆ ಅವರ ತಾಯಿಯ ಹೆಸರು ಬಂತು. ಹಣ ಕೇಳುವವರು ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸರಿಯಬೇಕೆಂಬುದನ್ನು ಅಂದಿನಿಂದ ತಪ್ಪದೆ ಪಾಲಿಸುತ್ತಿದ್ದೇನೆ.

ಚಿನ್ನದ ಪದಕದ ದತ್ತಿಗಳ ಬಗ್ಗೆಯೂ ಹೇಳಲೇಬೇಕು. ಘಟಿಕೋತ್ಸವದಲ್ಲಿ ತಂದೆಯ ಹೆಸರು ಮೈಕಿನಲ್ಲಿ ಕೇಳಬೇಕೆಂಬ ಆಸೆ ಸಹಜ, ಅದನ್ನು ನಾನು ಗೌರವಿಸುತ್ತೇನೆ. ಆದರೆ ದಶಕಗಳ ಹಿಂದೆ ಇಟ್ಟ ಠೇವಣಿಯ ಬಡ್ಡಿಯಲ್ಲಿ ಇಂದು ಗುಲಗಂಜಿಯಷ್ಟು ಚಿನ್ನವೂ ಬರುವುದು ಕಷ್ಟ. ಪದಕ ಬರುವುದು ಮೊದಲೇ ಮುಂದಿರುವ ಒಬ್ಬರಿಗೆ. ನಾನು ವಿದ್ಯಾರ್ಥಿವೇತನದ ಕಡೆಗೆ ಮಾತು ತಿರುಗಿಸುತ್ತೇನೆ, ಲೆಕ್ಕವನ್ನೂ ಬಿಡಿಸಿ ಹೇಳುತ್ತೇನೆ. 25 ಲಕ್ಷ ರೂಪಾಯಿಯ ನಿಧಿಗೆ ಶೇ 7 ಬಡ್ಡಿ ಬಂದರೆ ವರ್ಷಕ್ಕೆ 1.75 ಲಕ್ಷ. ಅಷ್ಟನ್ನೂ ಹಂಚಿದರೆ ಹದಿನೈದು ವರ್ಷದಲ್ಲಿ ಆ ವಿದ್ಯಾರ್ಥಿವೇತನದ ಬೆಲೆ ಬಹಳ ಕುಗ್ಗಿರುತ್ತದೆ. ಒಂದು ಲಕ್ಷವನ್ನು ನಾಲ್ವರಿಗೆ ಕೊಟ್ಟು, ಉಳಿದ 75 ಸಾವಿರವನ್ನು ಅಸಲಿಗೆ ಸೇರಿಸಿದರೆ ನಿಧಿ ಬೆಲೆಯೇರಿಕೆಯ ಜೊತೆ ಸ್ವಲ್ಪಮಟ್ಟಿಗಾದರೂ ಹೆಜ್ಜೆ ಹಾಕಬಹುದು. ‘ನಾಲ್ಕೇ ಜನಕ್ಕಾ?’ ಎಂದು ಕೇಳಿದವರೇ ಈ ಲೆಕ್ಕ ನೋಡಿದ ಮೇಲೆ ಅಸಲನ್ನು ಹೆಚ್ಚಿಸಿದ್ದುಂಟು.

ಒಂದು ವಿಷಯದಲ್ಲಿ ನಾನು ಜಗ್ಗುವುದಿಲ್ಲ. ವಿದ್ಯಾರ್ಥಿವೇತನ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು, ಅವರ ಮನೆಯ ಬಡತನ ಓದಿ ಹೇಳಿ, ಚೆಕ್ಕಿನ ಜೊತೆ ಫೋಟೋ ತೆಗೆಸುವುದಿಲ್ಲ. ಮೈಸೂರಿನಲ್ಲಿ ವಾರಾನ್ನ ಉಂಡು ಓದಿದ ತಲೆಮಾರೊಂದಿತ್ತು. ಆ ಹಿರಿಯರಲ್ಲಿ ಕೆಲವರು ಇಂದು ನಮ್ಮ ದಾನಿಗಳು. ಇನ್ನೊಬ್ಬರ ಮನೆಯ ಎಲೆಯ ಮುಂದೆ ಕೂರುವಾಗಿನ ಸಂಕೋಚ ಅವರಿಗೆ ಚೆನ್ನಾಗಿ ನೆನಪಿದೆ, ಫೋಟೋ ಕೇಳುವವರು ಅವರಲ್ಲ. ದಾನಿಗೆ ನಾವು ಕಳಿಸುವುದು ವಿದ್ಯಾರ್ಥಿ ತನ್ನ ಓದಿನ ಬಗ್ಗೆ ತಾನೇ ಬರೆದ ಪತ್ರ, ಜೊತೆಗೆ ಲೆಕ್ಕಪರಿಶೋಧಕರ ಸಹಿಯಿರುವ ಒಂದು ಪುಟ. ಕನ್ನಡದಲ್ಲಿ ಬರೆದ ಪತ್ರವನ್ನು ಇಂಗ್ಲಿಷಿಗೆ ತಿರುಗಿಸದೆ ಹಾಗೆಯೇ ಕಳಿಸುತ್ತೇವೆ. ಮತ್ತೆ ಕೊಟ್ಟವರಲ್ಲಿ ಬಹುಪಾಲು ಜನ ಪ್ರಸ್ತಾಪಿಸುವುದು ಆ ಪತ್ರವನ್ನೇ.

ಸಮಯದ ವಿಚಾರ ಪ್ರಾಯೋಗಿಕವಾದದ್ದು. ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಹಾಗಾಗಿ ಅವರ ಸಂಜೆಯ ಬಿಡುವಿಗೆ ನಮ್ಮ ಬೆಳಗಿನ ಏಳೆಂಟು ಗಂಟೆ ಹೊಂದುತ್ತದೆ. ಅಲ್ಲಿನ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಪ್ರಸ್ತಾವಗಳು ದಸರಾ ರಜೆಗೆ ಮುಂಚೆಯೇ ಅವರ ಕೈ ಸೇರಿರಬೇಕು. ವಿದೇಶಿ ದೇಣಿಗೆಯ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುವ ನಮ್ಮ ಎಫ್‌ಸಿ-4 ವಾರ್ಷಿಕ ವಿವರಣೆಯ ಗಡುವೂ ಅದೇ ದಿನ, ಹಾಗಾಗಿ ಲೆಕ್ಕ ವಿಭಾಗದವರನ್ನು ನವೆಂಬರಿನ ನಂತರ ಬೇರೆ ಕೆಲಸಕ್ಕೆ ಎಳೆಯುವುದಿಲ್ಲ. ದಾನಿಗಳ ಜೊತೆಗಿನ ಪ್ರತಿ ಮಾತುಕತೆಯ ಟಿಪ್ಪಣಿ ಅದೇ ದಿನ ಕಚೇರಿಯ ಕಡತಕ್ಕೆ ಹೋಗುತ್ತದೆ, ನನ್ನ ಸ್ವಂತ ಫೋನಿನಲ್ಲಿ ಉಳಿಯುವುದಿಲ್ಲ. ಮುಂದೆ ಈ ಕುರ್ಚಿಗೆ ಬರುವವರು ಅದನ್ನು ಓದಿಕೊಂಡೇ ಹ್ಯೂಸ್ಟನ್ನಿಗೆ ಫೋನ್ ಮಾಡಬಹುದು.