ಅಗ್ಗಕ್ಕೆ ಸಿಕ್ಕ ನನ್ನ ಮೆಚ್ಚಿನ ಕೋವಿಗಳು

ಒಳ್ಳೆ ಕೋವಿ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ನಳಿಗೆಯಲ್ಲೋ, ಅದರ ಹಿಂಬದಿ ಮುಚ್ಚುವ ಬೋಲ್ಟಿನಲ್ಲೋ ಇದ್ದರೆ ನಾನು ಕೈಮುಗಿದು ವಾಪಸ್ ಬರುತ್ತೇನೆ. ಹೆಸರಲ್ಲೋ, ಮೈಬಣ್ಣದಲ್ಲೋ, ಮಾರುವವನ ತಲೆಯಲ್ಲೋ ಇದ್ದರೆ ಪರ್ಸ್ ತೆಗೆಯುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೂತು ನಾನು ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು ಇಷ್ಟೇ.

ನಾನು ಚಿಕ್ಕಮಗಳೂರು ಕಡೆಯವನು. ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ತೋಟಾಕೋವಿ ಒಂದಿದೆ. ಬೆಳೆ ರಕ್ಷಣೆಗೆ ಅಂತ ತೆಗೆದುಕೊಂಡ ಲೈಸೆನ್ಸು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು, ಮುಗಿದ ಮೇಲೆ ಮತ್ತೆ ಹೋಗಿ ಬಿಡಿಸಿಕೊಂಡು ಬರಬೇಕು. ಇಂಡಿಯಾದಲ್ಲಿ ಅಗ್ಗದ ಕೋವಿ ಅನ್ನುವ ಮಾತೇ ಇಲ್ಲ ಬಿಡಿ. ಎಂಬತ್ತರ ದಶಕದಲ್ಲಿ ಖಾಸಗಿ ಆಮದು ನಿಂತ ಮೇಲೆ ಹಳೇ ಫಾರಿನ್ ರಿವಾಲ್ವರ್ ಒಂದಕ್ಕೆ ಲಕ್ಷಗಟ್ಟಲೆ ಕೇಳುತ್ತಾರೆ. ಅದೇ ರಿವಾಲ್ವರ್ ಇಲ್ಲಿನ ಗಿರವಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗಿಟಾರು, ಡ್ರಿಲ್ ಮೆಷಿನ್ನುಗಳ ಪಕ್ಕ ಬೆಲೆಚೀಟಿ ಕಟ್ಟಿಕೊಂಡು ಬಿದ್ದಿರುತ್ತದೆ.

ಹೊಸದಾಗಿ ಬಂದವರಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಇಲ್ಲಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ಫೆಡರಲ್ ಕಾನೂನು. ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ನಾನು ಆ ರಗಳೆಗೆ ಹೋಗಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೇ ಅಂಗಡಿ ಮೆಟ್ಟಿಲು ಹತ್ತಿದೆ. ಅಲ್ಲಿ 4473 ಅನ್ನುವ ಫಾರ್ಮ್ ತುಂಬಬೇಕು. ಪೆನ್ಸಿಲ್ವೇನಿಯಾದಲ್ಲಿ ರಾಜ್ಯ ಪೊಲೀಸರೇ ಹಿನ್ನೆಲೆ ನೋಡಿ ಹೌದು ಅಥವಾ ಇಲ್ಲ ಅನ್ನುತ್ತಾರೆ. ನಮ್ಮ ಹೆಸರು ಉದ್ದ, ಊರ ಹೆಸರು, ಅಪ್ಪನ ಹೆಸರು ಎಲ್ಲ ಸೇರಿರುತ್ತದೆ ಅಲ್ವಾ, ಹಾಗಾಗಿ ಕಾರ್ಡಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಿರಿ.

ಮೊದಲು ಸಿಕ್ಕಿದ್ದು ಒಂದು ಪಂಪ್ ಶಾಟ್‌ಗನ್, ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಕೋವಿ. ಮೇಲೆ ವೆಸ್ಟರ್ನ್ ಫೀಲ್ಡ್ 550 ಅಂತ ಇತ್ತು. ಹಿಂದೆ ಇಲ್ಲಿ ಸಿಯರ್ಸ್, ಮಾಂಟ್ಗಮರಿ ವಾರ್ಡ್ ತರಹದ ದೊಡ್ಡ ಅಂಗಡಿಗಳು ಬಟ್ಟೆ, ಫ್ರಿಜ್ಜಿನ ಜೊತೆ ಕೋವಿಯನ್ನೂ ಮಾರುತ್ತಿದ್ದವು. ಅವರದೇ ಕಾರ್ಖಾನೆ ಇರಲಿಲ್ಲ. ಮಾಸ್‌ಬರ್ಗ್, ವಿಂಚೆಸ್ಟರ್, ಮಾರ್ಲಿನ್ ಕಂಪನಿಗಳ ಹತ್ತಿರ ಮಾಡಿಸಿ ತಮ್ಮ ಹೆಸರು ಹೊಡೆಸುತ್ತಿದ್ದರು. ವಾರ್ಡಿನ ವೆಸ್ಟರ್ನ್ ಫೀಲ್ಡ್ 550 ಅಂದರೆ ಮಾಸ್‌ಬರ್ಗ್ 500. ಸಿಯರ್ಸಿನ ಟೆಡ್ ವಿಲಿಯಮ್ಸ್ 200 ಅಂದರೆ ವಿಂಚೆಸ್ಟರ್ 1200. ಟೆಡ್ ವಿಲಿಯಮ್ಸ್ ಬೇಸ್‌ಬಾಲ್ ಆಟಗಾರ, ಕೋವಿ ಮಾಡಿದವನಲ್ಲ. ಗಿರವಿ ಅಂಗಡಿಯವನು 150 ಡಾಲರ್ ಚೀಟಿ ಅಂಟಿಸಿದ್ದ. ಕಟ್ಟಿಗೆ ಮೇಲೆ ಗೀರು ಜಾಸ್ತಿ ಇದೆ ಅಂದೆ, 120ಕ್ಕೆ ಇಳಿದ. ಮನೆಗೆ ತಂದು ಮಾಸ್‌ಬರ್ಗಿನ ಇನ್ನೊಂದು ನಳಿಗೆ ಹಾಕಿ ನೋಡಿದರೆ ಕಟಕ್ ಅಂತ ಕೂತಿತು. ಹೆಸರು ಬೇರೆ ಅಂತ ಜನ ಬಿಟ್ಟು ಹೋದ ಮಾಲು ಇದು. ಈಗಲೂ ಗಿರವಿ ಅಂಗಡಿಗೆ ಹೋದರೆ ನಾನು ಮೊದಲು ಹುಡುಕುವುದು ಇಂಥ ಅಂಗಡಿ ಹೆಸರುಗಳನ್ನೇ.

ಎರಡನೆಯದು ಸ್ಮಿತ್ ಅಂಡ್ ವೆಸನ್ ಮಾಡೆಲ್ 64, .38 ಸ್ಪೆಷಲ್ ಗುಂಡಿನ ರಿವಾಲ್ವರ್, ಸ್ಟೇನ್‌ಲೆಸ್ ಸ್ಟೀಲು. ಪೊಲೀಸರೋ ಜೈಲಿನವರೋ ಹಳೆಯದು ಕೊಟ್ಟು ಹೊಸದು ತೆಗೆದುಕೊಂಡಾಗ ಇಂಥವು ರಾಶಿ ರಾಶಿ ಮಾರುಕಟ್ಟೆಗೆ ಬರುತ್ತವೆ. ಹತ್ತಾರು ವರ್ಷ ಸೊಂಟದಲ್ಲಿ ನೇತಾಡಿರುತ್ತವೆ, ಈಡು ಹೊಡೆದಿರುವುದು ಕಮ್ಮಿ. ಹಿಡಿ ಸವೆದಿರುತ್ತದೆ, ಮೈಯೆಲ್ಲ ಗೀರು, ಒಳಗೆ ಮಾತ್ರ ಗಟ್ಟಿ. ರಿವಾಲ್ವರ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿಕೊಂಡ ಮೇಲೆ ಅಂಗಡಿಯವನನ್ನು ಕೇಳಿ ರಿವಾಲ್ವರಿನ ಹಿಂಬದಿ ಇರುವ ಸುತ್ತಿಗೆಯನ್ನು (ಹ್ಯಾಮರ್) ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಸುತ್ತಿಗೆ ಪೂರ್ತಿ ಹಿಂದಕ್ಕೆ ಬರುವ ಮೊದಲೇ ಗುಂಡು ತುಂಬುವ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಬೀಗ ಬೀಳಬೇಕು. ಆರೂ ಗುಂಡಿನ ಮನೆಗೂ ಹೀಗೇ ನೋಡಿ. ಸಿಲಿಂಡರನ್ನು ಹಿಡಿದು ಹಿಂದೆ ಮುಂದೆ ಆಡಿಸಿದರೆ ಜಾಸ್ತಿ ಆಡಬಾರದು. ಇಷ್ಟು ಸರಿ ಇದ್ದರೆ ಗೀರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗೀರು ಇರುವುದಕ್ಕೇ ಅದು ಹೊಸದರ ಅರ್ಧ ಬೆಲೆಗೆ ಸಿಗುವುದು.

ಇನ್ನು ನನ್ನ ಮುದ್ದಿನ ಕೋವಿ. ಇಷಾಪುರ 2ಎ1.

ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿಯಲ್ಲಿ ಮಾಡಿದ್ದು. 1962ರ ಚೀನಾ ಯುದ್ಧ ಮುಗಿದ ಮೇಲೆ ನಮ್ಮ ಸೈನ್ಯಕ್ಕೆ ರೈಫಲ್ಲು ಸಾಲದಾಗಿತ್ತು. ಹೊಸ ಎಸ್‌ಎಲ್‌ಆರ್ (ತಾನೇ ಗುಂಡು ಏರಿಸಿಕೊಳ್ಳುವ ರೈಫಲ್) ಬೇಕಾದಷ್ಟು ತಯಾರಾಗುವವರೆಗೆ ಏನಾದರೂ ಬೇಕಿತ್ತು. ಬ್ರಿಟಿಷರ ಕಾಲದ .303 ಲೀ ಎನ್‌ಫೀಲ್ಡ್ ಮಾದರಿಯನ್ನೇ ಇಟ್ಟುಕೊಂಡು, ಉಕ್ಕನ್ನು ಇನ್ನಷ್ಟು ಗಟ್ಟಿ ಮಾಡಿ, ಎಸ್‌ಎಲ್‌ಆರ್‌ಗೆ ಹಾಕುವ 7.62 ನೇಟೋ ಗುಂಡನ್ನೇ ಇದಕ್ಕೂ ಹಾಕುವಂತೆ ಮಾಡಿದರು. ದೂರದಿಂದ ನೋಡಿದರೆ ನಮ್ಮೂರ ಖಜಾನೆ ಮುಂದೆ ಪೇದೆ ಹಿಡಿದು ನಿಲ್ಲುತ್ತಿದ್ದ .303 ತರಹವೇ ಕಾಣುತ್ತದೆ. ಗೊತ್ತಾಗುವುದು ಗುಂಡು ತುಂಬುವ ಮ್ಯಾಗಜಿನ್‌ನಲ್ಲಿ. .303ರದ್ದು ಓರೆಯಾಗಿ ಇಳಿದಿದ್ದರೆ ಇದರದ್ದು ಚೌಕ, ಹನ್ನೆರಡು ಗುಂಡು ಹಿಡಿಯುತ್ತದೆ. ಹಿಂದಿನ ಗುರಿಪಟ್ಟಿಯಲ್ಲಿ ದೂರದ ಗುರುತು 800 ಮೀಟರಿಗೆ ನಿಲ್ಲುತ್ತದೆ.

ಇದನ್ನು ನಾನು ಕಂಡದ್ದು ಒಂದು ಗನ್ ಶೋನಲ್ಲಿ, ಅಂದರೆ ಕೋವಿ ಸಂತೆಯಲ್ಲಿ, 2018ರಲ್ಲಿ. ಮೇಜಿನ ತುದಿಯಲ್ಲಿ ಒಬ್ಬನೇ ಬಿದ್ದಿದ್ದ ಪಾಪ. ಮಾರುತ್ತಿದ್ದ ಅಜ್ಜ, "ಇಂಡಿಯಾದ್ದು, ಇಂಡಿಯಾದ ಕಬ್ಬಿಣ ನಂಬೋದು ಹೇಗೆ, ಗೋಡೆಗೆ ತೂಗುಹಾಕೋಕೆ ಚೆನ್ನಾಗಿರುತ್ತೆ" ಅಂತ ಬೇರೆ ಯಾರಿಗೋ ಹೇಳುತ್ತಿದ್ದ. ಇಂಗ್ಲೆಂಡಿನ ಎನ್‌ಫೀಲ್ಡುಗಳಿಗೆ ಅವನೇ ದುಪ್ಪಟ್ಟು ಬೆಲೆ ಹಾಕಿದ್ದ. ನಾನು ಏನೂ ಮಾತಾಡದೆ ಬೋಲ್ಟ್ ತೆಗೆದೆ. ಬೋಲ್ಟಿನ ಹಿಡಿ ಹಿಂದೆ ಕೊರೆದ ನಂಬರೂ ಮೈಮೇಲಿನ ನಂಬರೂ ಒಂದೇ, ಅಂದರೆ ಬೋಲ್ಟ್ ಬದಲಾಗಿಲ್ಲ. ಟಾರ್ಚ್ ಹಾಕಿ ನಳಿಗೆಯೊಳಗೆ ನೋಡಿದರೆ ಸುರುಳಿಗೆರೆಗಳು ಚೂಪಾಗಿ, ಹೊಳೆಯುತ್ತಾ ಇದ್ದವು. ಹಿಡಿ ಬುಡದ ಕಬ್ಬಿಣದ ಮೇಲೆ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಷಾಪುರ), 1967 ಅಂತ ಮುದ್ರೆ. ಕಟ್ಟಿಗೆ ಒಡೆಯದಿರಲಿ ಅಂತ ಮುಂಭಾಗಕ್ಕೆ ಅಡ್ಡ ಒಂದು ಸ್ಕ್ರೂ ಹಾಕಿದ್ದರು, ಅದು ಕಾರ್ಖಾನೆಯ ಕೆಲಸವೇ, ಆದರೆ ಗೊತ್ತಿಲ್ಲದವರು ರಿಪೇರಿ ಅಂದುಕೊಳ್ಳುತ್ತಾರೆ. ಅಜ್ಜನೂ ಹಾಗೇ ಅಂದುಕೊಂಡಿದ್ದ ಅಂತ ಕಾಣುತ್ತದೆ. 325 ಕೇಳಿದ, 290ಕ್ಕೆ ಕೊಟ್ಟ. "ನೀನೆಲ್ಲಿಯವನು" ಅಂದ. "ಈ ಕೋವಿ ಎಲ್ಲಿಯದೋ ಅಲ್ಲಿಯವನೇ" ಅಂದೆ. ಒಂದು ಗಳಿಗೆ ಸುಮ್ಮನಿದ್ದು ಜೋರಾಗಿ ನಕ್ಕು, ಒಂದು ಹಳೇ ಚರ್ಮದ ಪಟ್ಟಿಯನ್ನೂ ಪುಕ್ಕಟೆ ಕೊಟ್ಟ.

ಮನೆಗೆ ತಂದ ತಕ್ಷಣ ಗುಂಡು ಹಾಕಿ ಹೊಡೆಯಲಿಲ್ಲ, ನೀವೂ ಹೊಡೆಯಬೇಡಿ. ಮೊದಲು ಕೋವಿ ರಿಪೇರಿಯವನ ಹತ್ತಿರ ಒಯ್ದು ಹೆಡ್‌ಸ್ಪೇಸ್ ಅಳೆಸಿದೆ. ಗುಂಡು ಕೂತ ಮೇಲೆ ಬೋಲ್ಟಿಗೂ ಅದಕ್ಕೂ ನಡುವೆ ಎಷ್ಟು ಸಂದು ಉಳಿಯುತ್ತದೆ ಅನ್ನುವ ಲೆಕ್ಕ ಅದು. ಅವನು ಗೇಜ್ ಹಾಕಿ ಸರಿ ಇದೆ ಅಂದ. ಹೀಗೆ ಅಳೆಸಲು ಕೊಡುವ ಕಾಸನ್ನು ಕೋವಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಅಂಗಡಿಯಲ್ಲಿ ಸಿಗುವ .308 ಶಿಕಾರಿ ಗುಂಡಿಗೂ 7.62 ನೇಟೋ ಗುಂಡಿಗೂ ಅಳತೆ ಹೆಚ್ಚೂಕಮ್ಮಿ ಒಂದೇ, ಆದರೆ .308ರಲ್ಲಿ ಕೆಲವು ಒತ್ತಡ ಜಾಸ್ತಿಯವು ಇರುತ್ತವೆ. ನಾನು ಇದಕ್ಕೆ ನೇಟೋ ಗುಂಡು ಬಿಟ್ಟು ಬೇರೆ ಹಾಕುವುದಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿನಲ್ಲಿ ಮಲಗಿ .22 ಹೊಡೆದದ್ದೇ ನನ್ನ ಟ್ರೈನಿಂಗು. ಆ ಅಭ್ಯಾಸದಲ್ಲೇ ಇದನ್ನೂ ಮಲಗಿಯೇ ಹೊಡೆಯುತ್ತೇನೆ. ಭುಜಕ್ಕೆ ಒತ್ತಿಕೊಳ್ಳುವ ಹಿಮ್ಮಡಿಯ ತಟ್ಟೆ ಹಿತ್ತಾಳೆಯದು, ಭುಜಕ್ಕೆ ಒದೆಯುವುದು ಮಾತ್ರ ಜೋರು.

ಹಳೇ ಕೋವಿಗಳ ಚಟ ಹತ್ತಿದವರಿಗೆ ಇನ್ನೊಂದು ದಾರಿ ಇದೆ. ಸಂಗ್ರಹ ಮಾಡುವವರಿಗೆ ಅಂತಲೇ ಫೆಡರಲ್ ಲೈಸೆನ್ಸ್ ಒಂದಿದೆ, ಮೂರು ವರ್ಷಕ್ಕೆ 30 ಡಾಲರ್. ಮೂಲ ರೂಪದಲ್ಲೇ ಇರುವ, 50 ವರ್ಷ ದಾಟಿದ ಕೋವಿಗಳನ್ನು ನೇರ ಮನೆ ಬಾಗಿಲಿಗೇ ತರಿಸಿಕೊಳ್ಳಬಹುದು, ನಡುವೆ ಡೀಲರಿಗೆ ಕೊಡುವ ದುಡ್ಡು ಉಳಿಯುತ್ತದೆ. ಆದರೆ ತಂದದ್ದು, ಕೊಟ್ಟದ್ದು ಎಲ್ಲ ಪುಸ್ತಕದಲ್ಲಿ ಬರೆದಿಡಬೇಕು, ಇದನ್ನು ಇಟ್ಟುಕೊಂಡು ವ್ಯಾಪಾರ ಮಾಡುವ ಹಾಗಿಲ್ಲ. ಮತ್ತೆ ರಾಜ್ಯ ರಾಜ್ಯಕ್ಕೆ ಕಾನೂನು ಬೇರೆ, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ನನ್ನ ಸ್ವಿಸ್ ಸೈನ್ಯದ ಹಳೇ ರೈಫಲ್ ಕೆ31 ಹೀಗೇ ಬಂದದ್ದು. ಅದರ ಬೋಲ್ಟನ್ನು ತಿರುಗಿಸಬೇಕಿಲ್ಲ, ನೇರ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಆಯಿತು. ಗಡಿಯಾರದ ಹಾಗೆ ಕೆಲಸ ಮಾಡುತ್ತದೆ. ಅಗ್ಗಕ್ಕೆ ಸಿಕ್ಕಿದ್ದು ಕಟ್ಟಿಗೆಯ ಬುಡವೆಲ್ಲ ನೀರು ಕುಡಿದು ಕಪ್ಪಾಗಿದ್ದರಿಂದ. ಹಿಮ್ಮಡಿ ತಟ್ಟೆಯ ಸ್ಕ್ರೂ ಬಿಚ್ಚಿದರೆ ಒಳಗೆ ಒಂದು ಪುಟ್ಟ ಚೀಟಿ, ಅದನ್ನು ಇಟ್ಟುಕೊಂಡಿದ್ದ ಸೈನಿಕನ ಹೆಸರು, ಅವನ ತುಕಡಿ. ಸ್ವಿಸ್ ಸೈನಿಕರು ರೈಫಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರಿಂದ ಈ ಚೀಟಿ ಹಲವು ಕೆ31ಗಳಲ್ಲಿ ಸಿಗುತ್ತದೆ. ನಾನು ಓದಿ ಮತ್ತೆ ಅಲ್ಲೇ ಇಟ್ಟು ಸ್ಕ್ರೂ ತಿರುಗಿಸಿದೆ.

ಕೋವಿ ಅಗ್ಗ ಅಂತ ಗುಂಡಿನ ಬೆಲೆ ಮರೆಯಬೇಡಿ. ಕೆ31ರ 7.5 ಎಂಎಂ ಗುಂಡು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕರೂ ಕೈ ಸುಡುತ್ತದೆ. ರಷ್ಯಾ ಸೈನ್ಯದ ಹಳೇ ರೈಫಲ್ ಮೋಸಿನ್ ನಾಗಾಂತ್ ಕಥೆಯೂ ಹೀಗೇ. ಒಂದು ಕಾಲಕ್ಕೆ ನೂರು ಡಾಲರಿನೊಳಗೆ ಸಿಗುತ್ತಿತ್ತು, 440 ಗುಂಡಿನ ತಗಡಿನ ಡಬ್ಬಿಯೂ ಅಗ್ಗವಾಗಿತ್ತು. ಈಗ ರೈಫಲ್ಲಿಗೆ ನಾಲ್ಕು ಪಟ್ಟು ಕೇಳುತ್ತಾರೆ. 2021ರಲ್ಲಿ ರಷ್ಯಾದ ಗುಂಡಿಗೆ ಹೊಸ ಆಮದು ಪರವಾನಗಿ ಕೊಡುವುದನ್ನು ಅಮೆರಿಕ ನಿಲ್ಲಿಸಿದ ಮೇಲೆ ಗುಂಡೂ ದುಬಾರಿ. ಆ ಹಳೇ ಡಬ್ಬಿ ಗುಂಡು ಉಪ್ಪು ಬಿಡುತ್ತದೆ, ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು, ಒರೆಸಿ, ಎಣ್ಣೆ ಹಾಕದಿದ್ದರೆ ತುಕ್ಕು ಗ್ಯಾರಂಟಿ. ನನ್ನ ಹತ್ತಿರ ಇರುವ ಮೋಸಿನ್ ಬಂದಾಗ ಮೈಯೆಲ್ಲ ತುಕ್ಕು ಹಿಡಿಯದಿರಲಿ ಅಂತ ಬಳಿದ ಗ್ರೀಸು. ಬೇಸಿಗೆಯಲ್ಲಿ ಕಪ್ಪು ಕಸದ ಚೀಲದಲ್ಲಿ ಸುತ್ತಿ ಅಂಗಳದ ಬಿಸಿಲಿಗೆ ನನ್ನ ಕಣ್ಣೆದುರೇ ಇಟ್ಟೆ, ಕಟ್ಟಿಗೆಯಿಂದ ಗ್ರೀಸು ಬೆವರಿನಂತೆ ಇಳಿಯಿತು. ಹೆಂಡತಿ ಆ ವಾಸನೆಗೆ ಎರಡು ದಿನ ಗ್ಯಾರೇಜಿಗೆ ಕಾಲಿಡಲಿಲ್ಲ.

ಕೊಳ್ಳಲು ಒಳ್ಳೆ ಸಮಯ ಜನವರಿ, ಫೆಬ್ರವರಿ. ಜಿಂಕೆ ಶಿಕಾರಿ ಸೀಸನ್ ಮುಗಿದಿರುತ್ತದೆ, ಕ್ರಿಸ್‌ಮಸ್ ಖರ್ಚಿನ ಬಿಲ್ಲು ಬಂದಿರುತ್ತದೆ, ಜನ ಮಾರಲು ತರುತ್ತಾರೆ. ಅಕ್ಟೋಬರಿನಲ್ಲಿ ಹೋದರೆ ಅದೇ ಕೋವಿಗೆ ಜಾಸ್ತಿ ಕೊಡಬೇಕು. ನಾನಂತೂ ಅಕ್ಟೋಬರಿನ ಕಡೆಗೆ ಅಂಗಡಿಗೇ ಹೋಗುವುದಿಲ್ಲ, ಆಯುಧಪೂಜೆಗೆ ಮನೆಯಲ್ಲಿರುವವನ್ನೇ ಸೇಫಿನಿಂದ ತೆಗೆದು ಎಣ್ಣೆ ಹಚ್ಚುತ್ತೇನೆ. ಕುಂಕುಮ ಮಾತ್ರ ಕಟ್ಟಿಗೆಗೆ ಇಡಿ, ಕಬ್ಬಿಣಕ್ಕೆ ಬೇಡ. ತೇವ ಹಿಡಿದುಕೊಂಡು ಕಲೆ ಮಾಡುತ್ತದೆ.

ಮುಂದಿನ ಗುರಿ .40 ಗುಂಡಿನ ಪಿಸ್ತೂಲು, ಗ್ಲಾಕ್ 22. ಎಫ್‌ಬಿಐ 9 ಎಂಎಂ ಗುಂಡಿಗೆ ವಾಪಸ್ ಹೋದ ಮೇಲೆ ಉಳಿದ ಪೊಲೀಸ್ ಇಲಾಖೆಗಳೂ ಒಂದೊಂದಾಗಿ .40 ಬಿಡುತ್ತಿವೆ, ಅವರು ಬಿಟ್ಟ ಪಿಸ್ತೂಲುಗಳು ಒಳ್ಳೆ ಬೆಲೆಗೆ ಬರುತ್ತಿವೆ. ಪರಿಚಯದ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, 300ರ ಒಳಗೆ ಬಂದರೆ ಫೋನ್ ಮಾಡು ಅಂತ.