ಡೆಲ್ಫ್ಟ್‌ಗೆ ಹೊರಟ ಹುಡುಗನಿಗೆ ಕಡುಬು ಕಲಿಸುವುದು

ಪುಷ್ಯ ಮಳೆ ಹಿಡಿದು ಮೂರು ದಿನವಾಗಿತ್ತು. ಅಡಿಕೆ ಮೂಟೆ ತೂಗುವ ತಕ್ಕಡಿಯನ್ನು ಜಗಲಿಗೆ ಎಳೆದು ತಂದು ಅಕ್ಕನ ಮಗನ ಸೂಟ್‌ಕೇಸ್ ಇಟ್ಟು ನೋಡಿದೆವು: 31 ಕಿಲೋ. ವಿಮಾನದವರು ಬಿಡುವುದು 23. ಹುಡುಗ ಮುಂದಿನ ತಿಂಗಳು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗೆ ಓದಲು ಹೋಗುವವನು. ಪೆಟ್ಟಿಗೆಯಲ್ಲಿ ಬಟ್ಟೆ ಇದ್ದದ್ದು ಎಂಟು ಕಿಲೋ, ಉಳಿದದ್ದೆಲ್ಲ ಅಮ್ಮನ ಅಡುಗೆಮನೆ. ನಾನು ಹನ್ನೊಂದು ವರ್ಷದಿಂದ ಅದೇ ದೇಶದ ಐಂಡ್‌ಹೋವನ್‌ನಲ್ಲಿ ಪೀಠೋಪಕರಣಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೇನೆ. ರಜೆಗೆಂದು ತೀರ್ಥಹಳ್ಳಿಗೆ ಬಂದವಳು. "ನೀನೇ ಹೇಳು ಚಿಕ್ಕಮ್ಮ, ಯಾವುದು ಬಿಡಲಿ?" ಎಂದು ಅವನು ಕೇಳಿದ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಪ್ರತಿ ವರ್ಷ ಈ ಕಡೆಯಿಂದ ಯಾರಾದರೂ ಒಬ್ಬರು ಹೊರಡುತ್ತಲೇ ಇರುತ್ತಾರೆ.

ಮೊದಲು ತೆಗೆದದ್ದು ತುಪ್ಪದ ಬಾಟಲಿ. ಹಾಲಿನಿಂದ, ಮಾಂಸದಿಂದ ಮಾಡಿದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟಕ್ಕೆ ನಮ್ಮ ಚೀಲದಲ್ಲಿ ಒಯ್ಯುವಂತಿಲ್ಲ. ತುಪ್ಪವೂ ಅದರಲ್ಲಿ ಸೇರಿತು, ಪೇಡವೂ ಸೇರಿತು. ನಾನು ಮೊದಲ ಸಲ ಹೋದಾಗ ಇದು ಗೊತ್ತಿರದೆ, ಅಮ್ಮ ಎರಡು ತಿಂಗಳು ಕೆನೆ ಕೂಡಿಟ್ಟು ಕಾಯಿಸಿದ ತುಪ್ಪವನ್ನು ಒಂದು ವಿಮಾನ ನಿಲ್ದಾಣದ ಕಸದ ಡಬ್ಬಿಗೆ ನನ್ನ ಕೈಯಾರೆ ಹಾಕಿದ್ದೆ. ಅಮ್ಮನಿಗೆ ಈ ವಿಷಯ ತಿಳಿದದ್ದು ಈ ಸಲ, ಆ ಜಗಲಿಯ ಮೇಲೆ. ಹಸಿ ಕರಿಬೇವು, ಕೆಸುವಿನ ಎಲೆ, ಮಾವಿನ ಹಣ್ಣು ಇವಕ್ಕೂ 2019ರ ಡಿಸೆಂಬರ್ 14ರಿಂದ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಪತ್ರವಿಲ್ಲದೆ ಬಿಡುವುದು ಐದನ್ನು ಮಾತ್ರ: ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗಿನಕಾಯಿ. "ಕಾಯಿ ಬಿಡುತ್ತಾರಲ್ಲ!" ಎಂದು ಅಮ್ಮ ಎದ್ದೇಬಿಟ್ಟಳು. ಕೂರಿಸಿದೆ. ತುರಿದ ಕಾಯಿ ಅಲ್ಲಿ ಏಷ್ಯಾದವರ ಅಂಗಡಿಯ ಫ್ರೀಜರ್‌ನಲ್ಲಿ ಪೊಟ್ಟಣಗಳಲ್ಲಿ ಸಿಗುತ್ತದೆ, ಹೋಳಿಗಿಂತ ಚೆನ್ನಾಗಿಯೇ ಇರುತ್ತದೆ. ಸಾರಿನ ಪುಡಿ ಅರ್ಧ ಕಿಲೋ ಸಾಕು. ಬೇಳೆ, ಸಾಸಿವೆ, ಮೆಣಸಿನಕಾಯಿ ಯಾವುದೂ ಬೇಡ.

ಹಾಗಾದರೆ ಏನು ಒಯ್ಯಬೇಕು? ಅಲ್ಲಿ ಎಷ್ಟು ಅಲೆದರೂ ಸಿಗದ್ದು. ನನ್ನ ಲೆಕ್ಕದಲ್ಲಿ ಅಂಥವು ನಾಲ್ಕೇ: ಅಪ್ಪೆಮಿಡಿ ಉಪ್ಪಿನಕಾಯಿ, ವಾಟೆಹುಳಿ ಪುಡಿ (ಹುಳಿಯಾದ ವಾಟೆಕಾಯಿ ಒಣಗಿಸಿ ಪುಡಿಮಾಡಿದ್ದು), ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಕಾವಲಿ, ಮಿಕ್ಸಿ. ಉಪ್ಪಿನಕಾಯಿಯನ್ನು ಗಾಜಿನ ಭರಣಿಯಲ್ಲಿ ಇಡಬೇಡಿ. ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ತೆಳು ಹಾಳೆ ಎಳೆದು ಮುಚ್ಚಳ ತಿರುಗಿಸಿ, ಎರಡು ಕವರಿಗೆ ಹಾಕಿ, ಹಳೆಯ ಟವೆಲ್ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ, ಉಪ್ಪಿನಕಾಯಿಯ ರಸವನ್ನೂ ಅವರು ದ್ರವವೆಂದೇ ಎಣಿಸುತ್ತಾರೆ. ಮಿಕ್ಸಿಗೆ ವೋಲ್ಟೇಜಿನ ಭಯ ಬೇಡ, ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಕಡ್ಡಿಯ ಪ್ಲಗ್ ಮಾತ್ರ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ. ಗಟ್ಟಿಮುಟ್ಟಾದ ಅಡಾಪ್ಟರ್ ಇಲ್ಲಿಂದಲೇ ಕೊಂಡುಹೋಗಿ.

ಪಾತ್ರೆ ಆರಿಸುವಾಗ ಕಿಸೆಯಲ್ಲಿ ಒಂದು ಅಯಸ್ಕಾಂತ ಇರಲಿ. ಅಲ್ಲಿ ಇಂಡಕ್ಷನ್ ಒಲೆಗಳು ಬಹಳ, ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಅವುಗಳ ಮೇಲೆ ಬಿಸಿಯೇ ಆಗುವುದಿಲ್ಲ. ಅಮ್ಮ ಕೊಟ್ಟ ಅಲ್ಯುಮಿನಿಯಂ ಕುಕ್ಕರ್ ಈ ಪರೀಕ್ಷೆಯಲ್ಲಿ ಫೇಲಾಯಿತು. ಕಾವಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು.

ಇನ್ನು ಒಗ್ಗರಣೆ. ನೆದರ್‌ಲ್ಯಾಂಡ್ಸ್‌ನಲ್ಲಿ 2022ರ ಜುಲೈ 1ರಿಂದ ಪ್ರತಿ ಮನೆಯ ಪ್ರತಿ ಅಂತಸ್ತಿನಲ್ಲೂ ಹೊಗೆ ಅಲಾರಂ ಕಡ್ಡಾಯ. ನಮ್ಮ ಒಣಮೆಣಸಿನ ಘಾಟಿಗೆ ಅದು ಕೂಗುತ್ತದೆ, ಕೂಗಿದರೆ ಪಕ್ಕದ ಕೋಣೆಯವರು ಬಾಗಿಲು ತೆರೆದು ನಿಲ್ಲುತ್ತಾರೆ. ಅಲಾರಂಗೆ ಕಾಲುಚೀಲ ತೊಡಿಸಿದವರನ್ನು ನೋಡಿದ್ದೇನೆ, ಆ ಕೆಲಸ ಮಾಡಬೇಡಿ. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಒಲೆಯ ಮೇಲಿನ ಹೊಗೆ ಎಳೆಯುವ ಯಂತ್ರ ಹಾಕಿ. ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ ಮುಚ್ಚಿ. ಸಿಡಿದು ಮುಗಿದ ಮೇಲೆ ಒಲೆ ಆರಿಸಿ, ಆ ಕಾವಿನಲ್ಲಿಯೇ ಮೆಣಸು, ಇಂಗು ಹಾಕಿದರೆ ಸಾಕು. ರುಚಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಈಗ ಊರಿನಲ್ಲೂ ಹೀಗೆಯೇ ಮಾಡುತ್ತೇನೆ. ಅಮ್ಮನಿಗೆ ಇದು ಒಗ್ಗರಣೆಯೇ ಅಲ್ಲ.

ಸಾಮಾನಿಗಾಗಿ ಡೆಲ್ಫ್ಟ್‌ನವರು ಹೇಗ್ ನಗರಕ್ಕೆ ಹೋಗಬೇಕು, ಟ್ರಾಮ್ ಇದೆ. ಅಲ್ಲಿನ ದೊಡ್ಡ ಬಯಲು ಸಂತೆಯ ಹೆಸರು ಹಾಖ್ಸೆ ಮಾರ್ಕ್ಟ್. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ನಡೆಯುತ್ತದೆ. ಈ ಊರಿನಲ್ಲಿ ಸುರಿನಾಮ್ ಮೂಲದ ಹಿಂದೂಸ್ತಾನಿಗಳು ಬಹಳ ಜನ. 1873ರಲ್ಲಿ ಕಲ್ಕತ್ತೆಯಿಂದ ಲಲ್ಲಾ ರೂಖ್ ಎಂಬ ಹಡಗಿನಲ್ಲಿ ಕೂಲಿಗೆಂದು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಮೊದಲ ತಂಡ ಹೋಯಿತು. 1975ರಲ್ಲಿ ಆ ದೇಶ ಸ್ವತಂತ್ರವಾಗುವ ಹೊತ್ತಿಗೆ ಹಿಂದೂಸ್ತಾನಿಗಳಲ್ಲಿ ಬಹಳಷ್ಟು ಜನ ನೆದರ್‌ಲ್ಯಾಂಡ್ಸ್‌ಗೆ ಬಂದರು. ಅವರಿಂದಾಗಿ ನಮಗೆ ಅಲಸಂದೆ ಕಾಯಿ, ಹಾಗಲಕಾಯಿ, ಬೆಂಡೆ ಎಲ್ಲ ದಕ್ಕಿವೆ. ಒಂದು ಆಷಾಢದಲ್ಲಿ ಪತ್ರೊಡೆಯ ಆಸೆಯಿಂದ ಆ ಸಂತೆಯಲ್ಲಿ ತಿರುಗುತ್ತಿದ್ದಾಗ ಕೆಸುವಿನಂತೆಯೇ ಕಾಣುವ ಎಲೆಯ ಕಟ್ಟು ಸಿಕ್ಕಿತು. ಹೆಸರು ತಾಯೆರ್. ಅಂಗಡಿಯ ಹೆಂಗಸಿಗೆ ನನ್ನ ಹಿಂದಿ ಅರ್ಧ ತಿಳಿಯಿತು, ಆಕೆಯ ಸರ್ನಾಮಿ, ಅಂದರೆ ಸುರಿನಾಮ್ ಹಿಂದೂಸ್ತಾನಿಗಳ ಭಾಷೆ, ನನಗೆ ಕಾಲುಭಾಗ. ನಾನು ಎಲೆ ಹರಡಿ, ಹಿಟ್ಟು ಸವರಿ, ಸುರುಳಿ ಸುತ್ತುವುದನ್ನು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದೆ. ಆಕೆ ತಲೆಯಾಡಿಸಿ, ನಾನು ಹಿಡಿದ ಕಟ್ಟನ್ನು ಕಿತ್ತುಕೊಂಡು ದೊಡ್ಡ ಎಲೆಯ ಇನ್ನೊಂದು ಕಟ್ಟು ಕೊಟ್ಟಳು. ಇದು ಕೆಸುವಿನ ನೆಂಟ, ಕೆಸುವಲ್ಲ. ಎಲೆ ಮೃದು, ಸುತ್ತುವಾಗ ಹರಿಯುತ್ತದೆ. ಎರಡೆರಡು ಎಲೆ ಜೋಡಿಸಿ, ನಡುವಿನ ದಪ್ಪ ನರವನ್ನು ಚಾಕುವಿನಿಂದ ಹೆರೆದು, ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಹಾಕಿ. ಗಂಟಲು ತುರಿಸಬಾರದೆಂದರೆ ಹುಳಿಯಲ್ಲಿಯೂ ಬೇಯಿಸುವುದರಲ್ಲಿಯೂ ಕಂಜೂಸುತನ ಕೂಡದು.

ಈಗ ಕಡುಬು. ಹುಡುಗನಿಗೆ ನಾಲ್ಕು ದಿನ ಕಲಿಸಿದ್ದು ಇದೊಂದನ್ನೇ. ಕಡುಬು ಬಂದರೆ ಚಟ್ನಿಯ ಜೊತೆ ಬೆಳಗಿನ ತಿಂಡಿ, ಕೋಳಿಸಾರಿನ ಜೊತೆ ಭಾನುವಾರದ ಊಟ ಎರಡೂ ಮುಗಿಯಿತು.

ಊರಿನ ಅಳತೆ ಸುಲಭ. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು. ನೀರಿಗೆ ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಮಳ್ಳುವಾಗ ಒಂದು ಕೈಯಿಂದ ತರಿ ಉದುರಿಸುತ್ತ ಇನ್ನೊಂದು ಕೈಯಿಂದ ತಿರುವುವುದು. ನೀರು ಹೀರಿದ ಮೇಲೆ ಉರಿ ತಗ್ಗಿಸಿ ಎಂಟು ಹತ್ತು ನಿಮಿಷ ಮುಚ್ಚಿಡುವುದು. ತೊಡಕಿರುವುದು ತರಿಯಲ್ಲಿ. ಅಲ್ಲಿ ನಮ್ಮ ತರಿ ಸಿಗುವುದು ಅಪರೂಪ, ಏಷ್ಯಾದವರ ಅಂಗಡಿಯಲ್ಲಿ ನುಚ್ಚಕ್ಕಿ ಧಾರಾಳ. ಅದು ಬಹುಪಾಲು ಥಾಯ್ ಜಾಸ್ಮಿನ್ ಅಕ್ಕಿಯ ನುಚ್ಚು, ಅಂಟು ಹೆಚ್ಚು. ನಾನು ಮೊದಲ ಸಲ ಎರಡು ಲೋಟ ನೀರನ್ನೇ ಹಾಕಿ, ಉಂಡೆಯಾಗದೆ ಬೆರಳಿಗೆ ಮೆತ್ತಿಕೊಂಡ ಅಂಬಲಿಯನ್ನು ಚಮಚದಲ್ಲಿ ತಿಂದಿದ್ದೆ. ದಾರಿ ಹೀಗೆ: ನುಚ್ಚನ್ನು ತೊಳೆದು ನೀರು ಬಸಿದು ಬಟ್ಟೆಯ ಮೇಲೆ ಹರಡಿ ಆರಿಸಿ. ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ. ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಿ, ಅದು ರೊಟ್ಟಿಗಾಯಿತು. ಉಳಿದ ತರಿಯನ್ನು ಬಣ್ಣ ತಿರುಗದಂತೆ, ಕೈಗೆ ಬಿಸಿ ಹತ್ತುವಷ್ಟು ಹುರಿಯಿರಿ. ಇದಕ್ಕೆ ಒಂದೂಮುಕ್ಕಾಲು ಲೋಟ ನೀರು ಸಾಕು.

ಬೆಂದ ಹಿಟ್ಟನ್ನು ತಟ್ಟೆಗೆ ಸುರಿದು, ಕೈ ತಾಳುವಷ್ಟು ಬಿಸಿಯಿರುವಾಗಲೇ ಅಂಗೈ ಒದ್ದೆ ಮಾಡಿಕೊಂಡು ನಾದಬೇಕು. ತಣಿದರೆ ಉಂಡೆ ಬಿರುಕು ಬಿಡುತ್ತದೆ. ಹುಡುಗ ಮೊದಲ ದಿನ ಬಿಸಿಗೆ ಹೆದರಿ ಕಾದ, ಉಂಡೆಗಳೆಲ್ಲ ಮಾರ್ಚ್ ತಿಂಗಳ ಗದ್ದೆಯಂತೆ ಸೀಳಿದವು. ಎರಡನೆಯ ದಿನ ಅಮ್ಮ ಅವನ ಮಗ್ಗುಲಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟಳು: ಕೈ ಅದ್ದು, ನಾದು, ಮತ್ತೆ ಅದ್ದು. ಉಂಡೆ ಕಿತ್ತಳೆಗಿಂತ ಸಣ್ಣದು, ನಿಂಬೆಗಿಂತ ದೊಡ್ಡದು. ನಡುವೆ ಹೆಬ್ಬೆರಳಿನಲ್ಲಿ ಒಂದು ಗುಳಿ ಒತ್ತಿದರೆ ಒಳಗೂ ಬೇಯುತ್ತದೆ, ಸಾರೂ ನಿಲ್ಲುತ್ತದೆ. ಹಬೆಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ. ಒಂದನ್ನು ಮುರಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಐದು ನಿಮಿಷ.

ಹಬೆಗೆ ನಾನು ಅಲ್ಲಿ ಬಳಸುವುದು ಚೀನೀಯರ ಬಿದಿರಿನ ಬುಟ್ಟಿ. ಲೋಹದ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಕಡುಬಿನ ಮೈ ಲೋಳೆಯಾಗುತ್ತದೆ, ಬಿದಿರು ಆ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಬುಟ್ಟಿಯ ಫೋಟೋ ತೋರಿಸಿದಾಗ ಅಮ್ಮ, "ಇಂಥದ್ದನ್ನು ನಮ್ಮ ಸಂತೆಯಲ್ಲೇ ಹೆಣೆದು ಕೊಡುತ್ತಿದ್ದರಲ್ಲ, ಅಲ್ಲಿಗೆ ಹೋಗಿ ಕೊಂಡೆಯಾ?" ಎಂದಳು. ಕೊಂಡೆ.

ದೋಸೆ ಹಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ಮನೆಯೊಳಗೆ 19–20 ಡಿಗ್ರಿ ಇರುತ್ತದೆ, ಹಿಟ್ಟು ಹುಳಿಯುವುದಕ್ಕೆ ಮೂವತ್ತರ ಆಸುಪಾಸು ಬೇಕು. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಒಳಗಿಡಿ, ಬೆಳಿಗ್ಗೆ ಉಬ್ಬಿರುತ್ತದೆ. ಒಳಗೆ ಹಿಟ್ಟಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿ. ನನ್ನ ಹಿಟ್ಟಿನ ಮೇಲೆ ಯಾರೋ ಪಿಜ್ಜಾಕ್ಕೆಂದು 220 ಡಿಗ್ರಿ ಹಚ್ಚಿದ್ದರು.

ಕೋಣೆ ಚಿಕ್ಕದೆಂದು ಕೊರಗುವವರು ಒಮ್ಮೆ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಹೋಗಿ ಬನ್ನಿ. ಅಲ್ಲಿನ ರೋಮರ್‌ಸ್ಟಾಟ್ ಬಡಾವಣೆಯ ಎರ್ನ್ಸ್ಟ್ ಮೇ ಮನೆ ಎಂಬ ಸಂಗ್ರಹಾಲಯದಲ್ಲಿ, ಚಿಕ್ಕ ಮನೆಗಳಿಗೆಂದು 1926ರಲ್ಲಿ ರೂಪಿಸಿದ 'ಫ್ರಾಂಕ್‌ಫರ್ಟ್ ಅಡುಗೆಮನೆ'ಯನ್ನು ಉಳಿಸಿ ಇಟ್ಟಿದ್ದಾರೆ. ರೂಪಿಸಿದವರು ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ನಮ್ಮ ಮನೆಯ ಬಚ್ಚಲು ಅದಕ್ಕಿಂತ ದೊಡ್ಡದು. ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ನೋಡಿ ಕಲಿತ ಲೆಕ್ಕ ಅದು. ನಿಂತಲ್ಲಿಂದ ಒಂದೆರಡು ಹೆಜ್ಜೆಯಲ್ಲಿ ಒಲೆ, ತೊಳೆಯುವ ತೊಟ್ಟಿ, ಹೆಚ್ಚುವ ಹಲಗೆ ಮೂರೂ ಸಿಗುತ್ತವೆ. ಅಕ್ಕಿ, ಸಕ್ಕರೆಯಂಥವಕ್ಕೆ ಹಿಡಿಕೆಯಿರುವ ಅಲ್ಯುಮಿನಿಯಂ ಡಬ್ಬಿಗಳು, ಎಳೆದು ನೇರ ಪಾತ್ರೆಗೆ ಸುರಿಯಬಹುದು. ಹಿಟ್ಟಿನ ಪೆಟ್ಟಿಗೆ ಮಾತ್ರ ಓಕ್ ಮರದ್ದು, ಹುಳು ಬೀಳಬಾರದೆಂದು. ಇದನ್ನು ಮಾಡುವವರೆಗೆ ತಾನು ಮನೆ ನಡೆಸಿದವಳೇ ಅಲ್ಲ ಎಂದು ಆಕೆ ಹೇಳಿಕೊಂಡಿದ್ದರು. ಅದನ್ನು ಕೇಳಿ ಅಮ್ಮ, "ಕಾಣುತ್ತದೆ, ಕಾಯಿ ತುರಿಯಲು ಜಾಗವೇ ಇಲ್ಲ" ಎಂದಳು.

ಅಲ್ಲಿಂದ ಬಂದು ನಾನು ಮಾಡಿದ್ದು ಇಷ್ಟು: ಕಿಟಕಿಯ ಕೆಳಗೆ ಗೋಡೆಗೆ ಕೀಲಿನ ಹಲಗೆ ಹೊಡೆದೆ, ಬೇಕಾದಾಗ ಎತ್ತಿ ನಿಲ್ಲಿಸುವುದು. ಕಾವಲಿಗೆ ಕೈಗೆಟಕುವಲ್ಲಿ ಒಂದು ಮೊಳೆ. ದಿನವೂ ಬೇಕಾದ ಆರು ಡಬ್ಬಿಗಳು ಒಲೆಯ ಬಲಕ್ಕೆ. ಬಾಡಿಗೆ ಮನೆಯಾದರೆ ಗೋಡೆಗೆ ಮೊಳೆ ಹೊಡೆಯುವ ಮೊದಲು ಮಾಲೀಕರನ್ನು ಕೇಳಿ, ಠೇವಣಿಯಲ್ಲಿ ಹಿಡಿಯುತ್ತಾರೆ.

ಇಂಥ ತಿರುಗಾಟಕ್ಕೆ ಹೊರಡುವಾಗ ಗೊಜ್ಜವಲಕ್ಕಿ ಮಾಡಿ ಒಯ್ಯಿರಿ. ದಪ್ಪ ಅವಲಕ್ಕಿಯನ್ನು ತರಿತರಿಯಾಗಿ ಪುಡಿಮಾಡಿ, ಎರಡು ಲೋಟಕ್ಕೆ ಎರಡು ಚಮಚ ಸಾರಿನ ಪುಡಿ, ಒಂದೂವರೆ ಚಮಚ ವಾಟೆಹುಳಿ ಪುಡಿ, ಎರಡು ಚಮಚ ಬೆಲ್ಲದ ಪುಡಿ, ಉಪ್ಪು ಬೆರೆಸಿ. ಕಡಲೆಬೀಜದ ಒಗ್ಗರಣೆ ಪೂರ್ತಿ ಆರಿದ ಮೇಲೆಯೇ ಕೂಡಿಸಿ, ಬಿಸಿ ಇದ್ದರೆ ಡಬ್ಬಿಯೊಳಗೆ ಬೆವೆತು ಮುಗ್ಗುತ್ತದೆ. ರೈಲಿನಲ್ಲಾಗಲಿ ಹೋಟೆಲ್ ಕೋಣೆಯಲ್ಲಾಗಲಿ, ಒಂದು ಲೋಟ ಪುಡಿಗೆ ಮುಕ್ಕಾಲು ಲೋಟ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಊಟ ತಯಾರು. ಚಮಚ ಮರೆಯಬೇಡಿ. ಕಲೋನ್‌ನಿಂದ ಫ್ರಾಂಕ್‌ಫರ್ಟ್‌ವರೆಗೆ ನಾನು ಕಾಫಿ ಕಲಕುವ ಕಡ್ಡಿಯಲ್ಲಿ ತಿಂದಿದ್ದೇನೆ.